ದಾರ ಕಟ್ಟಿದವರ ಬಿಚ್ಚಬೇಕು

ಬಳ್ಳಾರಿ ಮಿಲ್ಲರ್‌ಪೇಟಿ ಕೊಟ್ರಬಸಪ್ಪನ್ನ ಮದಿವಿ ಊಟಕ್ಕ ಕರೀಬೇಕಂದ್ರ ಎದಿ ಗಟ್ಟಿ ಇರಬೇಕು. ಬರ್ತಾನ, ಕೈ ತೊಳಕೊಂಡು ಕುಂದ್ರತಾನ, ಬಡಿಸಿದ್ದೆಲ್ಲಾ ಉಣ್ತಾನ. ಆಮ್ಯಾಲ ಎದ್ದು ಮನಿ ಯಜಮಾನನ್ನ ಹುಡುಕಿಕೊಂಡು ಹೋಗಿ, "ಸಾರಿಗೆ ಹುಣಸಿಹಣ್ಣು ಒಂಚೂರು ಹೆಚ್ಚಾಗಿತ್ತು ನೋಡ್ರಿ. ಉಳಿದಿದ್ದೆಲ್ಲಾ ನಡೀತೈತಿ" ಅಂತಾನ. ಆ 'ನಡೀತೈತಿ' ಅನ್ನೋದ ಅಂವನ ಬಾಯಾಗಿನ ದೊಡ್ಡ ಹೊಗಳಿಕಿ. ಅದಕ್ಕಿಂತ ಮ್ಯಾಲಿನ ಮಾತು ಅಂವನ ಹತ್ರ ಸ್ಟಾಕ್ ಇಲ್ಲ. ಆಡು ಮುಟ್ಟದ ಸೊಪ್ಪಿಲ್ಲ, ಕೊಟ್ರಬಸಪ್ಪ ವಂಕ ತೆಗೀದ ಅಡಿಗಿಲ್ಲ ಅಂತ ಓಣಿ ಮಂದಿ ಗಾದಿ ಕಟ್ಟಿಕೊಂಡಾರ.

ಅಂವಂದೂ ಪೂರಾ ತಪ್ಪಲ್ಲ ಬಿಡ್ರಿ. ಹೊಟ್ಟಿಪಾಡು ಹಂಗಿತ್ತು. ಹರೇದಾಗ ಒಂದು ಜೀನ್ಸ್ ಹೊಲಿಯೋ ಕಾರ್ಖಾನಿ ಸೇರಿದಾಂವ ತಲಿ ಬೆಳ್ಳಗಾಗೋತನಾ ಚೆಕ್ಕಿಂಗ್ ಟೇಬಲ್ ಬಿಟ್ಟು ಏಳಲಿಲ್ಲ. ಹೊಲಿದ ಪ್ಯಾಂಟು ಎದುರಿಗೆ ಬಂದು ಬೀಳೋವು. ಎಲ್ಲಿ ಹೊಲಿಗಿ ಬಿಟ್ಟೈತಿ, ಯಾವ ಕಾಲು ಗಿಡ್ಡಾಗೈತಿ, ಜಿಪ್ಪು ಎಲ್ಲಿ ಹಲ್ಲು ಕಿಸದೈತಿ ಅಂತ ನೋಡೋದು, ತಪ್ಪು ಸಿಕ್ರ ಬೆಲ್ಟ್ ಹಾಕೋ ಲೂಪಿಗೆ ಒಂದು ಕೆಂಪು ದಾರ ಕಟ್ಟಿ ವಾಪಸ್ ಕಳಸೋದು. ಟೈಲರು ತಿದ್ದಿ ತರ್ತಿದ್ದ. ಆದ್ರ ದಾರ ಮಾತ್ರ ಅಂವ ಮುಟ್ಟೂ ಹಂಗಿಲ್ಲ. ಕೊಟ್ರಬಸಪ್ಪ ಮತ್ತೊಮ್ಮಿ ನೋಡಿ, ಒಪ್ಪಿಗಿ ಆದ್ರ ತಾನ ಬಿಚ್ಚತಿದ್ದ. ದಾರ ಕಟ್ಟಿದವರ ಬಿಚ್ಚಬೇಕು, ಅದು ಆ ಟೇಬಲ್ಲಿನ ಕಾಯ್ದೆ. ತಿದ್ದಿದಾಂವನ ಕಣ್ಣಿಗೆ ತನ್ನ ಕೆಲಸ ಯಾವಾಗ್ಲೂ ಚಂದನ ಕಾಣ್ತೈತಿ ಅಂತ ಅಂವ ಹೇಳತಿದ್ದ.

ಕೆಲಸ ಬಿಟ್ಟು ಮನ್ಯಾಗ ಕುಂತ ಮ್ಯಾಲ ಫಜೀತಿ ಸುರು ಆತು. ಕಣ್ಣು ತಪ್ಪು ಹುಡುಕೋದು ಬಿಡವಲ್ದು, ಪ್ಯಾಂಟು ಬರವಲ್ದು. ಎಲ್ಲಾ ಬಂದು ಬಿದ್ದಿದ್ದು ಹೆಂಡ್ತಿ ಅಕ್ಕನಾಗಮ್ಮನ ಮ್ಯಾಲ. ಅಕ್ಕನಾಗಮ್ಮ ಸಮಾಧಾನದಾಕಿ, ಆದ್ರ ಸಿಟ್ಟು ಬಂದ್ರ ಕನ್ನಡ ಬಿಟ್ಟು ತೆಲುಗಿಗೆ ಇಳೀತಾಳ. "ರೊಟ್ಟಿ ಅಂಚು ದಪ್ಪಾತು" ಅಂತ ಇಂವ ಅಂದ್ರ, ಒಳಗಿಂದ "ಇಂಕ ಚಾಲು!" ಅಂತ ಬರ್ತಿತ್ತು. ಇನ್ನ ಸಾಕು ಅಂತ ಅದರ ಅರ್ಥ. ಆ ದನಿ ಕೇಳಿದ್ರ ತೆಲುಗು ಬರಲಾರದವರಿಗೂ ತಿಳೀತಿತ್ತು. ಮಂದಿ ಅಂವನ್ನ ಕಂಡ್ರ ಓಣಿ ಬದಲಿ ಮಾಡತಿದ್ರು. ಯಾರಿಗೂ ಬ್ಯಾಡಾದ ಕಣ್ಣು ಇಟಗೊಂಡು ಕೊಟ್ರಬಸಪ್ಪ ಒಳಗೊಳಗ ಸಣ್ಣಾಗಾಕತ್ತಿದ. ಬಾಯಿ ಬಿಟ್ಟು ಹೇಳತಿದ್ದಿಲ್ಲ, ಅಷ್ಟ.

ಹಿಂಗಿರಬೇಕಾದ್ರ ಒಂದಿನ ಸಿರುಗುಪ್ಪಕ್ಕ ಕೊಟ್ಟ ಮಗಳು ಶೀಲಾನ ಮನಿಗೆ ಹೊಂಟು, ಬಸ್ ಸ್ಟ್ಯಾಂಡಿನಾಗ ಕುಂತಿದ್ದ. ಅಪ್ಪ ಕಾಯೋದು ತಪ್ಪಲಿ ಅಂತ ಶೀಲಾ ಅಂವನ ಫೋನಿಗೆ 'ಬಂತೇನ್ರಿ' ಅನ್ನೋ ಆ್ಯಪ್ ಹಾಕಿಕೊಟ್ಟಿದ್ಲು. ಬಸ್ಸಿನಾಗ ಕುಂತವರು ಊರೂರು ದಾಟಿದಂಗ ಒಂದು ಗುಂಡಿ ಒತ್ತತಾರ. ಮುಂದಿನ ಊರಾಗ ಕಾಯೋರಿಗೆ ಬಸ್ಸು ಎಲ್ಲೈತಿ ಅಂತ ಗೊತ್ತಾಗ್ತೈತಿ. ಅವತ್ತು ನೋಡಿದ್ರ ಸಿರುಗುಪ್ಪದ ಬಸ್ಸು ತೆಕ್ಕಲಕೋಟಿ ದಾಟಿ ಹೋಗೈತಿ ಅಂತ ತೋರಸಾಕತ್ತಿತ್ತು. ಆ್ಯಪಿನ ತಳದಾಗ ಒಂದು ಫೋನ್ ನಂಬರ್ ಇತ್ತು. ಕೊಟ್ರಬಸಪ್ಪಗ ಅಷ್ಟ ಸಾಕಾತು.

"ಯಾರ್ರೀ ಇದನ್ನ ಮಾಡಿದವ್ರು? ನಿಮ್ಮ ಬಸ್ಸು ತೆಕ್ಕಲಕೋಟಿ ದಾಟೈತಂತ. ಇಲ್ಲೆ ನನ್ನ ಕಣ್ಣೆದುರಿಗೆ ಡ್ರೈವರ್ ಚಾ ಕುಡಿಯಾಕತ್ಯಾನ. ಅಂವನ್ನ ಬಿಟ್ಟು ಬಸ್ಸು ತಾನ ಹೋತೇನು?"

ಫೋನ್ ಎತ್ತಿದಾಕಿ ಐಶ್ವರ್ಯ, ಬಳ್ಳಾರಿಯ ಒಂದು ಕಾಲೇಜಿನಾಗ ಕಂಪ್ಯೂಟರ್ ಪಾಠ ಹೇಳೋ ಹುಡುಗಿ. "ಅಯ್ಯೋ, ಭಾಳ ಉಪಕಾರ ಆತ್ರಿ ಅಂಕಲ್" ಅಂದ್ಲು. "ಇದು ನಮಗ ಗೊತ್ತ ಇದ್ದಿಲ್ಲ. ಇನ್ನೇನಾರ ತಪ್ಪು ಕಂಡ್ರ ದಯಮಾಡಿ ಹೇಳ್ರಿ."

ಕೊಟ್ರಬಸಪ್ಪ ಫೋನನ್ನ ಕಿವಿಯಿಂದ ತೆಗೆದು ಒಮ್ಮಿ ನೋಡಿದ. ತಪ್ಪು ಹೇಳಿದ್ದಕ್ಕ ಉಪಕಾರ! ಹುಟ್ಟಿದಾಗಿಂದ ಇಂಥ ಮಾತು ಕೇಳಿದ್ದಿಲ್ಲ.

"ನಿಮ್ಮ ಮಾಲಕರು ಯಾರವ್ವಾ?" ಅಂದ, ದನಿ ತಗ್ಗಿಸಿ.

"ಇದಕ್ಕ ಮಾಲಕರ ಇಲ್ರಿ. ಓಪನ್ ಸೋರ್ಸ್ ಅಂತಾರ. ನಾವು ಬರದ ಕೋಡೆಲ್ಲಾ ಬಯಲಿಗಿಟ್ಟೀವಿ. ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು, ಪುಕ್ಕಟ ತಗೊಂಡು ಹೋಗಬಹುದು."

"ಮಾಲಕ ಇಲ್ಲಂದ್ರ ಬೈಯೋದು ಯಾರಿಗೆ?"

"ನನಗ ಬೈರಿ ಅಂಕಲ್."

ಮುಗೀತು. ಅವತ್ತಿನಿಂದ ಕೊಟ್ರಬಸಪ್ಪಗ ಹೊಸ ನೌಕರಿ ಸಿಕ್ಕಂಗಾತು. ಪಗಾರಿಲ್ಲ, ಮರ್ಯಾದಿ ಭಾಳ. ದಿನಾ ಮುಂಜಾನಿ ಬಸ್ ಸ್ಟ್ಯಾಂಡಿಗೆ ಹೋಗೋದು, ಆ್ಯಪ್ ನೋಡೋದು, ಬಸ್ಸು ನೋಡೋದು, ಎರಡಕ್ಕೂ ತಾಳ ಆಗಲಿಲ್ಲಂದ್ರ ಐಶ್ವರ್ಯಗ ಹೇಳೋದು. ಕುರುಗೋಡಿನಾಗ ಜೆರಾಕ್ಸ್ ಅಂಗಡಿ ಇಟ್ಟಿರೋ ವಿರೂಪಾಕ್ಷಿ ಅಂತ ಒಬ್ಬ ಹುಡುಗ. ಕೋಡಿನ ಬಹುಪಾಲು ಅಂವಂದು. ಏನಾರ ಹೊಸಾದು ಸೇರಿಸಿದ್ರ ಅಂವನೂ ಮೊದಲು ಕೇಳತಿದ್ದ: "ಕಾಕಾ ನೋಡಿದ್ರೇನು? ಏನಂದ್ರು?" ಆ ಮಾತು ಕೇಳಾಕ ಕೊಟ್ರಬಸಪ್ಪ ದಿನಾ ಗಡ್ಡ ಬೋಳಿಸಾಕ ಸುರು ಮಾಡಿದ. ಅಕ್ಕನಾಗಮ್ಮ ಗಮನಿಸಿದ್ಲು.

ತಕರಾರೆಲ್ಲಾ ಒಂದು ವಾಟ್ಸಾಪ್ ಗ್ರೂಪಿನಾಗ ಬೀಳತಿದ್ದವು. ಸಾಫ್ಟ್‌ವೇರಿನಾಗಿನ ತಪ್ಪಿಗೆ ಈ ಹುಡುಗರು ಬಗ್ ಅಂತಾರ, ಹುಳ ಅಂತ. ಆ ಗ್ರೂಪಿನಾಗ ಹುಳ ಯಾವುದು, ಹೂವು ಯಾವುದು ತಿಳೀತಿದ್ದಿಲ್ಲ. ಶುಭೋದಯದ ಗುಲಾಬಿ, ಅದರ ಕೆಳಗ ರಾರಾವಿ ಬಸ್ಸು ಕಾಣವಲ್ದು, ಅದರ ಕೆಳಗ ಯಾರದೋ ಮೊಮ್ಮಗನ ಹುಟ್ಟಿದಹಬ್ಬ, ಮತ್ತ ಅದ ರಾರಾವಿ ಬಸ್ಸು. ತಿದ್ದಿದ್ದು ಯಾವುದು, ಬಿಟ್ಟಿದ್ದು ಯಾವುದು ದೇವರಿಗೂ ಗೊತ್ತಿಲ್ಲ. "ಇದು ಆಗೂದಲ್ಲ" ಅಂದ ವಿರೂಪಾಕ್ಷಿ. "ಬಗ್ ಬರದಿಡಾಕ ಅಂತನ ತಯಾರಾದ ಸಾಫ್ಟ್‌ವೇರ್ ಅದಾವು. ಒಂದನ್ನ ಆರಿಸೋಣ. ಈ ಐತವಾರ ಎಲ್ಲಾರೂ ಕುರುಗೋಡಿಗೆ ಬರ್ರಿ."

ಹೋದ್ರು. ಜೆರಾಕ್ಸ್ ಅಂಗಡ್ಯಾಗ ಒಗ್ಗರಣಿ-ಮಿರ್ಚಿ ಪೊಟ್ಟಣ ಬಿಚ್ಚಿದ್ರು. ಮಿರ್ಚಿಗೆ ಓಂಕಾಳು ಕಮ್ಮಿ ಅಂತ ಕೊಟ್ರಬಸಪ್ಪ ಅಂದ, ಯಾರೂ ಕಿವ್ಯಾಗ ಹಾಕ್ಕೊಳ್ಳಲಿಲ್ಲ. ವಿರೂಪಾಕ್ಷಿ ಮೂರು ನಮೂನಿ ತೋರಿಸಿದ. ಒಂದು, ಅವರ ಕೋಡು ಇಟ್ಟಿದ್ದ ಜಾಗದಾಗ ತಾನಾಗಿ ಸಿಗೋದು. ಹೊಸಾದೇನೂ ಹಾಕೋದು ಬ್ಯಾಡ. ಇನ್ನೊಂದು ಭಾಳ ಚಂದಂದು. ಒಂದೊಂದು ತಕರಾರಿಗೂ ಬಣ್ಣಬಣ್ಣದ ಚೀಟಿ, 'ಆಗಬೇಕು' ಅನ್ನೋ ಸಾಲಿನಿಂದ 'ಆತು' ಅನ್ನೋ ಸಾಲಿಗೆ ಬೆರಳಿನಿಂದ ಎಳದ್ರ ಆತು. ಮೂರನೇದು ಹಳೇದು. ತಮ್ಮ ಕಂಪ್ಯೂಟರಿನಾಗ ತಾವ ಹಾಕ್ಕೋಬೇಕು, ಮಾರಿ ನೋಡಿದ್ರ ಹಳೇ ಸರ್ಕಾರಿ ಅರ್ಜಿ ಇದ್ದಂಗಿತ್ತು. ಬೇಕಾದಂಗ ಕಾಯ್ದೆ ಹಾಕ್ಕೋಬಹುದು ಅನ್ನೋದೊಂದು ಅದರ ಗುಣ.

"ಅಂಕಲ್, ತಕರಾರು ಬರಿಯೋರು ನೀವು" ಅಂದ್ಲು ಐಶ್ವರ್ಯ. "ಮೂರೂ ಬಳಸಿ ನೋಡ್ರಿ. ಆಮ್ಯಾಲ ಹೇಳ್ರಿ."

ಅಲ್ಲೇ ಆಗಿದ್ದು ಎಡವಟ್ಟು. ಮೊಸರಿನಾಗ ಕಲ್ಲು ಹುಡುಕೋ ಮನಷ್ಯಾಗ ಮೂರು ಗಡಗಿ ಮೊಸರು ಕೊಟ್ಟು ಕಳಿಸಿದ್ರು. ಕೊಟ್ರಬಸಪ್ಪ ಮೊದಲನೇದರಾಗ ತೆಕ್ಕಲಕೋಟಿ ತಪ್ಪೊಂದನ್ನ ಬರದು, ಉಳಿದ ಬಸ್ಸಿನ ತಪ್ಪೆಲ್ಲಾ ಬಿಟ್ಟು, ಮೊದಲನೇ ಸಾಫ್ಟ್‌ವೇರಿನ ತಪ್ಪನ್ನ ಎರಡನೇದರಾಗ ಬರದ. ಎರಡನೇದರ ತಪ್ಪನ್ನ ಮೂರನೇದರಾಗ ಬರದ. ಮೂರನೇದರದ್ದನ್ನ ಮೊದಲನೇದಕ್ಕ ಹಾಕಿದ. ಇದರಾಗ ಎಲ್ಲಾ ಇಂಗ್ಲೀಷು, ಅದರಾಗ ಅಕ್ಷರ ಇರಿವಿಗಾತ್ರ, ಇನ್ನೊಂದರಾಗ ಫೋನು ಕಿಸೆದಾಗ ಇಟ್ರ ತನ್ನಷ್ಟಕ್ಕ ತಾನ ಚೀಟಿ ಸರೀತೈತಿ. ಮುಂದಿನ ಐತವಾರದ ಹೊತ್ತಿಗೆ ಮೂರೂ ತುಂಬಿದ್ದವು, ಒಂದಕ್ಕೊಂದು ಬೈಕೋತ.

ಐಶ್ವರ್ಯಗ ನಗು ತಡೀಲಾರದ ಕಣ್ಣಾಗ ನೀರು ಬಂದವು. ವಿರೂಪಾಕ್ಷಿಗ ಮಾತ್ರ ನಗು ಬರಲಿಲ್ಲ. ಮೂರನ್ನೂ ಹೊಂದಿಸಿಕೊಟ್ಟಿದ್ದು ಅಂವ, ಅಂಗಡಿ ಗಿರಾಕಿನ ಕಾಯಿಸಿ.

"ಕಾಕಾ, ವಂಕ ತೆಗಿಯೋದು ಸುಲಭ. ನೀವ ಒಂದು ಆರಿಸ್ರಿ. ಬರೋ ಐತವಾರ ಬಂದು ಇಂಥಾದ್ದು ಅಂತ ಹೇಳ್ರಿ. ಹೇಳಾಕ ಆಗಲಿಲ್ಲಂದ್ರ ನಾವು ನಾವ ಯಾವುದಾರ ಹಾಕ್ಕೋತೀವಿ. ನೀವು ಮನ್ಯಾಗ ಆರಾಮ ಇರ್ರಿ."

'ಮನ್ಯಾಗ ಆರಾಮ ಇರ್ರಿ.' ಆ ಮಾತು ಕೊಟ್ರಬಸಪ್ಪನ ಎದಿಗೆ ನಟ್ಟಿತು. ಬಳ್ಳಾರಿ ಬಸ್ಸಿನಾಗ ಕಿಡಕಿ ಹೊರಗ ನೋಡಕೋತ ಕುಂತ. ತನ್ನ ಕಣ್ಣು ಬೇಕು ಅಂದಿದ್ದು ಜಗತ್ತಿನಾಗ ಇದೊಂದ ಜಾಗ. ಇದೂ ಹೋದ್ರ ಮತ್ತ ರೊಟ್ಟಿ ಅಂಚಿನ ಮುಂದ ಕುಂದ್ರೋದ ಗತಿ.

ಖರೇ ತ್ರಾಸು ಅಂದ್ರ, ಕೊಟ್ರಬಸಪ್ಪ ಜೀವಮಾನದಾಗ ಏನನ್ನೂ ಆರಿಸಿದಾಂವಲ್ಲ. ಅಂಗಿ ಅರಿವಿ ಹೆಂಡ್ತಿ ತರ್ತಾಳ. ಮನಿ ಗ್ವಾಡಿ ಬಣ್ಣ ಪೇಂಟರ್ ಹೇಳಿದ್ದು. ಹೋಟೆಲ್ಲಿಗೆ ಹೋದ್ರೂ ಇದ್ದಬದ್ದ ತಿಂಡಿ ಹೆಸರೆಲ್ಲಾ ಕೇಳಿ, "ಬಾಜೂಕಿನವರು ಏನು ತಿನ್ನಾಕತ್ಯಾರ ಅದ ತಾ" ಅಂತಾನ. ಬಂದ ಮ್ಯಾಲ ಅದಕ್ಕ ವಂಕ ತೆಗಿತಾನ.

ಮನಿಗೆ ಬಂದಾಂವ ಸುಮ್ಮನ ಉಂಡ. ರೊಟ್ಟಿಗೆ ಏನೂ ಅನ್ನಲಿಲ್ಲ. ಅಕ್ಕನಾಗಮ್ಮ ಹೆದರಿದ್ಲು.

"ಏನ್ರೀ, ಮೈಯಾಗ ಆರಾಮಿಲ್ಲೇನು?"

ಹೇಳಿದ. ಎಲ್ಲಾ ಕೇಳಿಸಿಕೊಂಡು ಆಕಿ ಕೈ ಒರಸ್ಕೊಂಡು ಕುಂತ್ಲು. "ಆರಿಸಿದವರಿಗೆ ಮಂದಿ ಬೈತಾರ. ಅದಕ್ಕ ನೀವು ಆರಿಸೋದಿಲ್ಲ. ಬೈಯೋ ಕಡೇನ ಕುಂತೀರಿ, ಅಲ್ಲಿ ನೆಳ್ಳೈತಿ."

"ಏನ ಮಾತಾಡ್ತಿ? ನಿನ್ನ ಆರಿಸಲಿಲ್ಲೇನು?"

"ಎಲ್ಲಿ ಆರಿಸಿದ್ರಿ? ನಿಮ್ಮಪ್ಪಾರು ಆರಿಸಿದ್ರು. ಹೆಣ್ಣು ನೋಡಾಕ ಬಂದ ದಿನ ನೀವಂದಿದ್ದು ಒಂದ ಮಾತು, 'ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಆಗೈತಿ' ಅಂತ. ಅಷ್ಟು ಮಂದಿ ಮುಂದ! ನಾನು ಒಳಗ ಹೋಗಿ ಉಪ್ಪು ತಗೊಂಡು ಮತ್ತ ಬರಬೇಕಾತು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತ್ತು."

ಕೊಟ್ರಬಸಪ್ಪ ಬಾಯಿ ತೆಗೆದ. ಏನೋ ಹೇಳಾಂವಿದ್ದ. ನೀರಿನ ತಂಬಿಗಿ ಎತ್ತಿ ಕುಡದ.

"ತಪ್ಪಿಲ್ಲದ್ದನ್ನ ಹುಡುಕಾಕ ಹೊಂಟೀರಿ, ಅದು ಸಿಗೂದಿಲ್ಲ" ಅಂದ್ಲು ಅಕ್ಕನಾಗಮ್ಮ, ತಾಟು ಎತ್ತಿಕೋತ. "ಯಾವ ತಪ್ಪು ತಡಕೋಬಹುದು ಅಂತ ನೋಡಿ ಆರಿಸ್ರಿ. ನಾನು ಹಂಗ ಮಾಡೀನಲ್ಲ?"

ಆ ಮಾತನ್ನ ಇಟಗೊಂಡು ಕೊಟ್ರಬಸಪ್ಪ ಮೂರನ್ನೂ ಮತ್ತ ತೆರೆದು ಕುಂತ. ಮೊದಲನೇದರಾಗ ತಾನು ಬರದ ತೆಕ್ಕಲಕೋಟಿ ತಕರಾರು ಕಾಣಲಿಲ್ಲ. ಹುಡುಕಿದ್ರ, ವಿರೂಪಾಕ್ಷಿ ಅದನ್ನ ತಿದ್ದೀನಿ ಅಂತ ಮುಚ್ಚಿಬಿಟ್ಟಿದ್ದ. ಮುಂಜಾನಿ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿದ್ರ ತಪ್ಪು ಇದ್ದಲ್ಲೇ ಇತ್ತು. ಎರಡನೇದರಾಗ ಇಂವನ ಕಿಸೆನ ಯಾವ್ಯಾವುದನ್ನೋ 'ಆತು' ಸಾಲಿಗೆ ತಳ್ಳಿತ್ತು. ಕೊಟ್ರಬಸಪ್ಪ ತೊಡಿ ತಟ್ಟಿಕೊಂಡ. ಮೂರಕ್ಕೂ ದಾರ ಕಟ್ಟೀನಿ. ದಾರ ಬಿಚ್ಚೋರು ಯಾರು ಅಂತ ನೋಡೇ ಇಲ್ಲಲ್ಲ!

ಐತವಾರ ಕುರುಗೋಡಿನಾಗ ನಿಂತು ಹೇಳಿದ: "ಹಳೇದು."

"ಆ ಕುರೂಪದ್ದಾ?" ಅಂದ ವಿರೂಪಾಕ್ಷಿ.

"ಕುರೂಪ ತಡಕೋಬಹುದು. ಅದಕ್ಕೊಂದು ಕಾಯ್ದೆ ಹಾಕು ತಮ್ಮಾ. ತಿದ್ದಿದಾಂವ 'ತಿದ್ದೀನಿ' ಅಂತ ಅಷ್ಟ ಬರೀಬೇಕು. 'ಆತು' ಅಂತ ಮುಚ್ಚೋದು ತಕರಾರು ಕೊಟ್ಟವರ ಕೈಯಾಗ ಇರಬೇಕು. ದಾರ ಕಟ್ಟಿದವರ ಬಿಚ್ಚಬೇಕು."

ಐಶ್ವರ್ಯ ಒಪ್ಪಿದ್ಲು. ವಿರೂಪಾಕ್ಷಿ ತಲಿ ಕೆರಕೊಂಡು, "ಆತು, ನಿಮ್ಮ ಮಾತ ಆಗಲಿ. ಬೈಸಿಕೊಳ್ಳಾಕ ತಯಾರಾಗ್ರಿ" ಅಂದ.

ಸುಳ್ಳಾಗಲಿಲ್ಲ. ಹಳೇದರಾಗ ಮೊದಲು ಬಂದ ತಕರಾರೆಲ್ಲಾ ಹಳೇದರ ಮ್ಯಾಲನ. ಬಣ್ಣ ಕಲಗಚ್ಚಿನಂಗೈತಿ. ಫೋನಿನಾಗ ಅರ್ಧ ಪುಟ ಕಾಣವಲ್ದು. ಇದನ್ನ ಆರಿಸಿದವರು ಯಾರು? ಎಲ್ಲದರ ಮುಂದೂ 'ಜವಾಬ್ದಾರಿ: ಕೊಟ್ರಬಸಪ್ಪ' ಅಂತ ವಿರೂಪಾಕ್ಷಿ ಹಾಕಿದ್ದ. ನಮ್ಮ ಕೊಟ್ರಬಸಪ್ಪ ಬೆವತುಹೋದ. ಒಬ್ಬೊಬ್ಬರಿಗೂ ಫೋನ್ ಮಾಡೋದು, ಐಶ್ವರ್ಯಗ ಹೇಳಿ ತಿದ್ದಿಸೋದು, ಮತ್ತ ಫೋನ್ ಮಾಡಿ "ಈಗ ಸರಿ ಆತೇನಪಾ? ಮುಚ್ಚತೀಯೇನು?" ಅಂತ ಕೇಳೋದು. "ನಡೀತೈತಿ ಬಿಡ್ರಿ" ಅಂತ ಒಬ್ಬ ಅಂದಾಗ, ಆ ಮಾತು ಕೇಳೋರಿಗೆ ಎಷ್ಟು ಸಪ್ಪಗ ಇರ್ತೈತಿ ಅಂತ ಅಂವಗ ಮೊದಲ ಸಲ ತಿಳೀತು.

ಹಂಗೂ ಹಿಂಗೂ ಒಂದೊಂದ ಮುಚ್ಚಿಕೋತ ಬಂದವು. ಬಸ್ಸುಗಳು ಆ್ಯಪಿನಾಗ ಇದ್ದಲ್ಲೇ ಕಾಣಾಕ ಹತ್ತಿದವು. ಇನ್ನೇನು ಎಲ್ಲಾ ತಣ್ಣಗಾತು ಅನ್ನೋದ್ರಾಗ ಹೊಸ ಹೆಸರಿನಿಂದ ಒಂದು ತಕರಾರು ಬಂತು. ಕೊಟ್ಟಾಕಿ ಅಕ್ಕನಾಗಮ್ಮ. ಐಶ್ವರ್ಯ ಮನಿಗೆ ಬಂದಾಗ, ಫೋನಿಗೆ ಬಾಯಿಲೆ ಹೇಳಿದ್ರ ಅದ ಅಕ್ಷರ ಆಗ್ತೈತಿ ಅಂತ ತೋರಿಸಿಕೊಟ್ಟಿದ್ಲು. ಅಷ್ಟ ಸಾಕಾಗಿತ್ತು.

ಗಂಡನ ಹೆಸರು ಹೇಳಬಾರದು, ಹೇಳಿದ್ರ ಒಡಪಿನಾಗ ಸೇರಿಸಿ ಹೇಳಬೇಕು. ಮದಿವ್ಯಾಗ ಕಲತ ಆ ಪದ್ಧತಿನ ಆಕಿ ಇಲ್ಲೂ ಬಿಟ್ಟಿದ್ದಿಲ್ಲ. ತಕರಾರಿನ ತಲಿಬರಹ ಹಿಂಗಿತ್ತು:

"ಬೆಳ್ಳಿ ಬಟ್ಟಲದಾಗ ಬಿಸಿ ಬಿಸಿ ಉಪ್ಪಿಟ್ಟು, ನಮ್ಮ ಕೊಟ್ರಬಸಪ್ಪನವರು ಕುಂತಾರ ಮಾರಿ ಗಂಟಿಟ್ಟು."

'ಏನು ತಪ್ಪು?' ಅನ್ನೋದರ ಮುಂದ: "ಮದಿವಿ ಆದಾಗಿಂದ ನನ್ನ ಕೈಯಡಿಗಿ ಉಣ್ಣಾಕತ್ಯಾರ. ಒಮ್ಮಿನೂ ಚಲೋ ಐತಿ ಅಂದಿಲ್ಲ."

'ಏನು ಮಾಡಿದ್ರ ಈ ತಪ್ಪು ಮತ್ತ ಕಾಣ್ತೈತಿ?' ಅನ್ನೋದರ ಮುಂದ: "ಏನು ಬಡಿಸಿದ್ರೂ ಕಾಣ್ತೈತಿ."

ಓಪನ್ ಸೋರ್ಸ್ ಅಂದ ಮ್ಯಾಲ ಎಲ್ಲಾ ಬಯಲಿಗ. ಸಿರುಗುಪ್ಪದಿಂದ ಶೀಲಾ ಫೋನ್ ಮಾಡಿ ನಕ್ಕಿದ್ದ ನಕ್ಕಿದ್ದು. ಕೊಟ್ರಬಸಪ್ಪ 'ಆತು' ಒತ್ತಿದ. ತಕರಾರು ಕೊಟ್ಟವರಷ್ಟ ಮುಚ್ಚಬಹುದು ಅಂತ ಬಂತು. ಮತ್ತ ಒತ್ತಿದ. ಮತ್ತ ಅದ. ಮಾಡಿದ್ದುಣ್ಣೋ ಮಹಾರಾಯ!

ವಿರೂಪಾಕ್ಷಿಗ ಪಾಪ ಅನ್ನಿಸಿತು. "ಕಾಕಾ, ಸಾಫ್ಟ್‌ವೇರಿನ ಕೀಲಿಕೈ ನನ್ನ ಹತ್ರ ಐತಿ. ಹಿಂದ್ಲಿಂದ ಅಳಿಸಿಬಿಡ್ಲೇನು? ಯಾರಿಗೂ ಗೊತ್ತಾಗೂದಿಲ್ಲ" ಅಂದ ಫೋನಿನಾಗ.

ಕೊಟ್ರಬಸಪ್ಪ ಅಡಿಗಿಮನಿ ಕಡೆ ನೋಡಿದ. ಹೂಂ ಅಂದ್ರ ಇಲ್ಲಿಗೆ ಮುಗೀತಿತ್ತು. ಹೂಂ ಅಂದ್ರ ತಾನು ಕುರುಗೋಡಿನಾಗ ನಿಂತು ಆಡಿದ ಮಾತೂ ಇಲ್ಲಿಗೆ ಮುಗೀತಿತ್ತು.

"ಬ್ಯಾಡ ತಮ್ಮಾ. ಆಕಿ ಕಟ್ಯಾಳ, ಆಕೀನ ಬಿಚ್ಚಲಿ."

ಒಳಗ ಹೋದ. ಅಕ್ಕನಾಗಮ್ಮ ಕಾಯಿಪಲ್ಯ ಹೆಚ್ಚಾಕತ್ತಿದ್ಲು. ತಲಿ ಎತ್ತಲಿಲ್ಲ.

"ನಿನ್ನಿ ಪುಂಡಿಪಲ್ಯ ಚಲೋ ಇತ್ತು" ಅಂದ.

"ತಕರಾರು ಕೊಟ್ಟಿದ್ದಕ್ಕ ಹೇಳಾಕತ್ತೀರಿ. ಅದು ಲೆಕ್ಕಕ್ಕಿಲ್ಲ."

ಕೊಟ್ರಬಸಪ್ಪ ಬಾಗಿಲ ಚೌಕಟ್ಟು ಹಿಡಕೊಂಡು ನಿಂತ.

"ಅವತ್ತು ಉಪ್ಪಿಟ್ಟಿಗೆ ಉಪ್ಪು ಸರಿಯಾಗೇ ಇತ್ತು."

ಈಳಿಗಿ ಮ್ಯಾಲಿನ ಕೈ ನಿಂತಿತು. "ಯಾವತ್ತು?"

"ನಿನ್ನ ನೋಡಾಕ ಬಂದಾಗ."

"ಮತ್ತ ಯಾಕ ಕಮ್ಮಿ ಅಂದ್ರಿ?"

"ನೀನು ತಾಟು ಇಟ್ಟು ತಲಿ ಬಗ್ಗಿಸಿಕೊಂಡು ಒಳಗ ಹೊಂಟುಬಿಟ್ಟಿ. ಪೂರಾ ನೋಡೇ ಇದ್ದಿಲ್ಲ. ಉಪ್ಪು ಕಮ್ಮಿ ಅಂದ್ರ ಇನ್ನೊಮ್ಮಿ ಬರ್ತಿ ಅಂತ ಅಂದೆ." ಅಂವ ಚೌಕಟ್ಟಿನ ಮ್ಯಾಲಿನ ಧೂಳು ಒರಸಿದ. "ಬಂದಿ. ಆಮ್ಯಾಲ ಅಪ್ಪ ಕೇಳಿದ್ರು, ನಾನು ಹೂಂ ಅಂದೆ. ಆರಿಸಿದ್ದು ನಾನ."

ಅಕ್ಕನಾಗಮ್ಮ ಕನ್ನಡದಾಗೂ ಬೈಲಿಲ್ಲ, ತೆಲುಗಿನಾಗೂ ಬೈಲಿಲ್ಲ. ಸೆರಗಿನಿಂದ ಕಣ್ಣು ಒರಸ್ಕೊಂಡು, ಉಳ್ಳಾಗಡ್ಡಿ ಖಾರ ಅಂತ ಸುಳ್ಳು ಹೇಳಾಕ ಹೋಗಿ, ತಾನು ಹೆಚ್ಚಾಕತ್ತಿದ್ದು ಉಳ್ಳಾಗಡ್ಡಿ ಅಲ್ಲಂತ ನೆನಪಾಗಿ ನಕ್ಲು.

ಸಂಜಿಮುಂದ ಐಶ್ವರ್ಯ ನೋಡಿದ್ರ ಆ ತಕರಾರಿನ ಮುಂದ 'ಆತು' ಅಂತ ಬಿದ್ದಿತ್ತು.

ಮರುದಿನ ಮುಂಜಾನಿ ಉಪ್ಪಿಟ್ಟು ಮಾಡಿದ್ಲು. ಹದವಾಗಿತ್ತು, ಘಮ ಅಂತಿತ್ತು. ತಾಟು ಇಟ್ಟು ಅಕ್ಕನಾಗಮ್ಮ ಒಳಗ ಹೊಂಟ್ಲು. ಕೊಟ್ರಬಸಪ್ಪ ಒಂದು ತುತ್ತು ಬಾಯಿಗಿಟ್ಟು, ನುಂಗಿ, ಜೋರಾಗಿ ಅಂದ:

"ಉಪ್ಪು ಕಮ್ಮಿ ಆಗೈತಿ."

"ಬಂದೆ" ಅಂದ್ಲು ಒಳಗಿಂದ. ಬರಿಗೈಲೆ ಬಂದು ಬಾಜೂಕ ಕುಂತ್ಲು.